ಪೇಶ್ವೆ ಕೊಟ್ಟ ಜಾಗದಲ್ಲಿ ನಿಂತ ಚರ್ಚ್

ಚರ್ಚ್ ಅಂದ ಕೂಡಲೇ "ಬ್ರಿಟಿಷರು ಬಿಟ್ಟುಹೋದದ್ದು" ಅನ್ನುವವರು ಪುಣೆಯ ನಮ್ಮ ಕನ್ನಡದವರಲ್ಲೂ ಇದ್ದಾರೆ. ನನಗೆ ಇದು ನಿಜಕ್ಕೂ ಬೇಜಾರು ತರುತ್ತದೆ. ಅವರು ಒಮ್ಮೆ ಕ್ವಾರ್ಟರ್ ಗೇಟ್ ಹತ್ತಿರ ಇಳಿದು ನಾನಾ ಪೇಟೆಯ ಸಿಟಿ ಚರ್ಚ್ ನೋಡಬೇಕು. ಅಮಲೋದ್ಭವ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ ಹೆಸರಿನ ಈ ಚರ್ಚಿಗೆ 1792ರಲ್ಲಿ ಜಾಗ ಕೊಟ್ಟವರು ಪೇಶ್ವೆ ಸವಾಯಿ ಮಾಧವರಾವ್. ಇಂಗ್ಲಿಷರ ಆಳ್ವಿಕೆ ಪುಣೆಗೆ ಬರಲು ಇನ್ನೂ 25 ವರ್ಷ ಇತ್ತು!

ಪೇಶ್ವೆಯ ಸೈನ್ಯದಲ್ಲಿ ಗೋವಾ ಕಡೆಯ ಕ್ರೈಸ್ತ ಸಿಪಾಯಿಗಳಿದ್ದರು, ಪೋರ್ಚುಗೀಸ್ ಅಧಿಕಾರಿಗಳೂ ಇದ್ದರು. ಅವರಲ್ಲೊಬ್ಬರಾದ ನೊರೊನ್ಹಾ ಕೇಳಿದರು, ಪೇಶ್ವೆ ಕೊಟ್ಟರು. ತನಗಾಗಿ ಕತ್ತಿ ಹಿಡಿದವರಿಗೆ ಪ್ರಾರ್ಥನೆಗೆ ಒಂದು ಜಾಗ ಬೇಕು ಅನ್ನೋದು ಆ ಅರಮನೆಗೆ ಅರ್ಥವಾಗಿತ್ತು. ಇಂದು ಎಷ್ಟು ಜನಕ್ಕೆ ಅರ್ಥವಾಗುತ್ತೆ?

1818ಕ್ಕೆ ಪೇಶ್ವೆಗಳ ರಾಜ್ಯವೇ ಹೋಯಿತು. ಚರ್ಚ್ ಉಳಿಯಿತು. ಕ್ಯಾಂಪ್, ಅಂದರೆ ಬ್ರಿಟಿಷರ ದಂಡಿನ ಪ್ರದೇಶ, ಬೆಳೆದ ಹಾಗೆ ಗೋವಾದಿಂದ ಅಡುಗೆಯವರು, ಬ್ಯಾಂಡಿನವರು, ದರ್ಜಿಗಳು, ಗುಮಾಸ್ತರು ಬಂದರು. ಐರಿಶ್ ಸೋಲ್ಜರುಗಳಿಗೆ ಅಂತ 1850ರಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಚರ್ಚ್ ಬೇರೆಯೇ ಎದ್ದಿತು. ಆ ಸೋಲ್ಜರುಗಳೂ ಊರು ಬಿಟ್ಟರು, ಅವರ ಬೆಂಚುಗಳು ಮಾತ್ರ ಖಾಲಿ ಉಳಿಯಲಿಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ಪುಣೆ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಸೀಮೆ, ಆದದ್ದು 1886ರಲ್ಲಿ. ಬೆಳಗಾವಿಗೆ ತನ್ನದೇ ಬಿಷಪ್ ಸಿಕ್ಕಿದ್ದು 1953ರಲ್ಲಿ. ಅಲ್ಲಿಯವರೆಗೆ ಧಾರವಾಡ ಸೀಮೆಯ ಎಷ್ಟೋ ಚರ್ಚುಗಳು ಪುಣೆಯ ಕೈಕೆಳಗೇ ಇದ್ದವು. ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದ ಹುಬ್ಬಳ್ಳಿಯ ಕ್ಯಾಥೊಲಿಕರಿಗೆ ಈ ಊರು ತೀರಾ ಹೊಸದೇನಲ್ಲ, ಅಲ್ವಾ?

ನಮ್ಮ ಪಕ್ಕದ ಮನೆಯ ಅಕ್ಕ ಹುಬ್ಬಳ್ಳಿಯ ರೈಲ್ವೆ ಮನೆತನದವರು. ಭಾನುವಾರ ಚರ್ಚಿನ ಮರಾಠಿ ಪೂಜೆಗೆ ಹೋಗುತ್ತಾರೆ, ಎಲ್ಲರ ಜೊತೆ ಮರಾಠಿಯಲ್ಲೇ ಉತ್ತರ ಹೇಳುತ್ತಾರೆ. ಸಂಜೆ ಜಪಸರ ಕೈಗೆ ಬಂದರೆ ಮಾತ್ರ ಕನ್ನಡದ "ನಮೋ ಮರಿಯೆ" ಪ್ರಾರ್ಥನೆ. ಮಣಿಗಳು ಸವೆದು ನುಣ್ಣಗಾಗಿವೆ, ಶಿಲುಬೆಯ ಹತ್ತಿರ ಕಡಿದ ಸರಿಗೆಗೆ ಕಪ್ಪು ದಾರ ಕಟ್ಟಿದ್ದಾರೆ. "ಬೇಡ್ಕೊಳ್ಳೂದು ನನಗ ಕನ್ನಡದಾಗ ಆಗಬೇಕ್ರಿ," ಅನ್ನುತ್ತಾರೆ.

1960ರ ದಶಕದವರೆಗೆ ಪೂಜೆ ಲ್ಯಾಟಿನ್‌ನಲ್ಲೇ ಇತ್ತು. ಕ್ಯಾಥೊಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ ಒಪ್ಪಿದ ಮೇಲೆ ಜನರ ಭಾಷೆಗಳು ಒಳಗೆ ಬಂದವು. ಒಂದೊಂದು ಹೊತ್ತಿನ ಪೂಜೆಗೆ ಒಂದೊಂದು ಭಾಷೆ ಮಾಡಿ ಜನರನ್ನು ಒಡೆದರು ಅಂತ ಕೆಲವರ ಕೊರಗು. ನಾನು ಒಪ್ಪೋದಿಲ್ಲ. ಅರ್ಥವಾಗದ ಭಾಷೆಯಲ್ಲಿ ಎಲ್ಲರೂ ಒಟ್ಟಿಗೆ ಸುಮ್ನೆ ನಿಲ್ಲೋದಕ್ಕಿಂತ ತಮ್ಮ ಭಾಷೆಯಲ್ಲಿ ಬಾಯಿಬಿಟ್ಟು ಬೇಡಿಕೊಳ್ಳೋದು ಎಷ್ಟೋ ಮೇಲು. ಕಟ್ಟಡವನ್ನು ಜೀವಂತ ಇಟ್ಟವರೂ ಹೀಗೆ ಒಬ್ಬರ ಹಿಂದೆ ಒಬ್ಬರು ಬಂದ ಈ ಜನವೇ. ಅದನ್ನು ಪರದೇಶದ್ದು ಅನ್ನೋದು ಅವರೆಲ್ಲರಿಗೂ ಮಾಡೋ ಅನ್ಯಾಯ.

ಒಂದು ಕೋರಿಕೆ. ಪುಣೆಯ ಯಾವುದೇ ಚರ್ಚಿನಲ್ಲಿ ನಿಮ್ಮ ಮನೆಯವರ ಮದುವೆ, ನಾಮಕರಣ ಆಗಿದ್ದರೆ ಆ ಹಳೇ ಫೋಟೊ ಹುಡುಕಿ. ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಹೆಸರು, ಊರು, ಇಸವಿ ಬರೆದಿಡಿ. ಗುರುತು ಹಿಡಿಯುವ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ.