ಸ್ಥಳೀಯರೊಂದಿಗೆ ಇಪ್ಪತ್ತು ನಿಮಿಷ

ಪ್ರವಾಸದ ಕರಪತ್ರದಲ್ಲಿ ಎಲ್ಲವೂ ಸ್ಪಷ್ಟ. ಒಂಬತ್ತಕ್ಕೆ ಪಾಳುಬಿದ್ದ ದೇಗುಲ. ಹತ್ತೂವರೆಗೆ ಯಾವುದೋ ರಾಜನ ಸಮಾಧಿ. ಹನ್ನೊಂದೂ ಹತ್ತರಿಂದ ಹನ್ನೊಂದೂವರೆವರೆಗೆ 'ಸ್ಥಳೀಯರೊಂದಿಗೆ ಆತ್ಮೀಯ ಭೇಟಿ'. ಆಮೇಲೆ ಶೌಚಾಲಯಕ್ಕೆ ಅರ್ಧ ಗಂಟೆ. ನಲವತ್ತು ಜನಕ್ಕೆ ಎರಡೇ ಬಾಗಿಲು, ಅಷ್ಟು ಹೊತ್ತು ಬೇಕೇ ಬೇಕು. ಆತ್ಮೀಯತೆಗೆ ಸರದಿ ಸಾಲಿಲ್ಲವಲ್ಲ, ಇಪ್ಪತ್ತು ನಿಮಿಷ ಧಾರಾಳ.

ಆದರೆ ಸ್ಥಳೀಯರು ಸ್ಥಳದಲ್ಲೇ ಇರಬೇಕಿತ್ತಲ್ಲ? ಅವರನ್ನು ನೋಡಲು ಮತ್ತೆ ಬಸ್ಸು ಹತ್ತಬೇಕೇಕೆ?

ಜೋರ್ಡಾನಿನ ಪುರಾತನ ನಗರ ಪೆಟ್ರಾ ನೋಡಿ. ಬ್ದೂಲ್ ಬುಡಕಟ್ಟಿನ ಬೆದುಯಿನರು, ಅಂದರೆ ಮರುಭೂಮಿಯ ಅರಬ್ ಅಲೆಮಾರಿಗಳು, ಅಲ್ಲಿನ ಗುಹೆಗಳಲ್ಲಿ, ಕಲ್ಲಲ್ಲಿ ಕೊರೆದ ಸಮಾಧಿಗಳಲ್ಲಿ ತಲೆಮಾರುಗಳಿಂದ ಸಂಸಾರ ಹೂಡಿದ್ದರು. 1985ರಲ್ಲಿ ಪೆಟ್ರಾ ಯುನೆಸ್ಕೊದ ವಿಶ್ವಪರಂಪರೆ ಪಟ್ಟಿ ಸೇರಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅವರಲ್ಲಿ ಬಹುಪಾಲು ಜನರನ್ನು ಎಬ್ಬಿಸಿ, ಪಕ್ಕದಲ್ಲೇ ಉಮ್ ಸೈಹೂನ್ ಎಂಬ ಹೊಸ ಊರು ಕಟ್ಟಿ ಕೂರಿಸಲಾಯಿತು. ಪರಂಪರೆ ವಿಶ್ವದ್ದಾದ ಮೇಲೆ ಮನೆಯವರಿಗೇನು ಕೆಲಸ? ಕೆಲಸ ಸಿಕ್ಕಿತು ಅನ್ನಿ: ಹಗಲು ಅದೇ ಬಂಡೆಗಳ ನಡುವೆ ಪ್ರವಾಸಿಗರಿಗೆ ಕತ್ತೆ ಸವಾರಿ, ಒಂಟೆ ಸವಾರಿ.

ಸಿರಿಯಾದ ಪಾಳುನಗರ ಪಾಲ್ಮೈರಾದಲ್ಲಿ ಪ್ರಾಚೀನ ಬೆಲ್ ದೇವಾಲಯದ ಅಂಗಳದೊಳಗೆ ಇಡೀ ಹಳ್ಳಿಯೇ ಇತ್ತು. ಫ್ರೆಂಚರ ಆಡಳಿತದಲ್ಲಿ ಅದನ್ನೂ ಗುಡಿಸಿ ಹೊರಹಾಕಿದರು.

ಪೆರುವಿನ ಬೆಟ್ಟದ ಮೇಲಿನ ಇಂಕಾ ನಗರ ಮಾಚು ಪಿಚುವನ್ನು 1911ರಲ್ಲಿ ಅಮೆರಿಕದ ಹೈರಮ್ ಬಿಂಗಮ್ 'ಪತ್ತೆಹಚ್ಚಿದ' ಎನ್ನುತ್ತಾರೆ. ಆತ ಏದುಸಿರು ಬಿಡುತ್ತಾ ಮೇಲೆ ಹತ್ತಿದಾಗ ಇಂಕಾಗಳ ಕಾಲದ ಮೆಟ್ಟಿಲು ಹೊಲಗಳಲ್ಲೇ ಒಂದೆರಡು ರೈತ ಕುಟುಂಬಗಳು ಬೇಸಾಯ ಮಾಡಿಕೊಂಡಿದ್ದವು. ಆತನನ್ನು ಸುತ್ತಾಡಿಸಿದ್ದು ಒಬ್ಬ ಪುಟ್ಟ ಹುಡುಗ. ದಾರಿ ತೋರಿಸಿದವನು ಸ್ಥಳೀಯ, ದಾರಿ ಕೇಳಿದವನು ಸಂಶೋಧಕ.

ನಮ್ಮ ತಂಡದ ಆತ್ಮೀಯ ಭೇಟಿಯೂ ಸಾಂಗವಾಗಿ ನಡೆಯಿತು. ಬಸ್ಸು ನಿಲ್ಲುತ್ತಿದ್ದಂತೆ ಅಜ್ಜ ಮೊಬೈಲನ್ನು ಚಾಪೆಯಡಿಗೆ ತಳ್ಳಿ, ಗೂಟದಲ್ಲಿದ್ದ ಪೇಟ ತೆಗೆದು ತಲೆಗೇರಿಸಿದ. ಮೂರನೇ ನಿಮಿಷಕ್ಕೆ ಚಾಪೆ ರಿಂಗಣಿಸಿತು. ನಮ್ಮವರೊಬ್ಬರ ಮುಖ ಇಳಿದುಹೋಯಿತು. "ಇವರು ಅಸಲಿ ಸ್ಥಳೀಯರು ತಾನೇ?" ಎಂದು ಗೈಡನ್ನು ಪಕ್ಕಕ್ಕೆ ಕರೆದು ವಿಚಾರಿಸಿದರು. ದುಡ್ಡು ಕೊಟ್ಟು ಬಂದವರು, ಕೇಳದೆ ಇರುತ್ತಾರೆಯೇ? ಅವರ ಕೈಯಲ್ಲಿ ಎರಡು ಫೋನಿದ್ದವು.

"ಮೊದಲು ಎಲ್ಲಿದ್ದಿರಿ?" ಎಂದು ನಾನು ಕೇಳಿದೆ. ಅಜ್ಜನಿಗೆ ಮಾತು ಬಂದದ್ದೇ ಆಗ. ಬಲಗೈ ಚಾಚಿ ಗುಡ್ಡದ ಮೇಲಿನ ಕಂಬಗಳನ್ನು ತೋರಿಸಿ ಐದು ನಿಮಿಷ ಮಾತಾಡಿದ. ನಡುವೆ ಒಮ್ಮೆ ಅಂಗೈಯನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಹಿಡಿದ. ಆಗ ಇಷ್ಟಿದ್ದೆ ಎಂದೋ, ಒಲೆ ಇಷ್ಟೆತ್ತರ ಇತ್ತು ಎಂದೋ.

ನಮ್ಮವರು ಆ ಚಾಚಿದ ಕೈಯ ಫೋಟೊ ತೆಗೆದರು. ಗೈಡ್ ವಾಚು ನೋಡಿಕೊಂಡು ಅನುವಾದಿಸಿದ: "ಆ ಕಂಬಗಳ ಹತ್ತಿರ ಸೂರ್ಯಾಸ್ತ ಬಹಳ ಚೆನ್ನಾಗಿ ಕಾಣುತ್ತದಂತೆ. ಅದು ನಾಳೆಯ ಕಾರ್ಯಕ್ರಮದಲ್ಲಿದೆ."