ಸತ್ಯಾಂಶ: ಪ್ರೋಬ್ ಇಟ್ಟ ಮಾತ್ರಕ್ಕೆ ರೋಗ ಪತ್ತೆಯಾಗದು

‘ಜೇಬಿನಲ್ಲಿ ಹಿಡಿಸುವ ಅಲ್ಟ್ರಾಸೌಂಡ್ ಬಂದಿದೆ, ಇನ್ನು ಯಾವ ಡಾಕ್ಟರಾದರೂ ಹಾಸಿಗೆ ಪಕ್ಕದಲ್ಲೇ ಎಲ್ಲ ರೋಗ ಹೇಳಬಲ್ಲರು’ ಎಂಬ ಸಂದೇಶ ಹರಿದಾಡುತ್ತಿದೆ. ಅಂಥ ಯಂತ್ರ ಇರುವುದು ಹೌದು. ಉಳಿದದ್ದು ತಪ್ಪು.

ಪರದೆಯಲ್ಲಿ ಕಾಣುವುದು ಬೂದು ನೆರಳುಗಳು. ಸರಿಯಾದ ಕೋನದಲ್ಲಿ ಪ್ರೋಬ್ (ಮೈಮೇಲಿಟ್ಟು ನೋಡುವ ಅಲ್ಟ್ರಾಸೌಂಡ್ ಯಂತ್ರದ ಭಾಗ) ಹಿಡಿಯುವುದು ಒಂದು ಕೌಶಲ, ಕಂಡದ್ದನ್ನು ಅರ್ಥೈಸುವುದು ಇನ್ನೊಂದು. ಅಮೆರಿಕದ ತುರ್ತುಚಿಕಿತ್ಸಾ ವೈದ್ಯರ ಸಂಸ್ಥೆ ಎಸಿಇಪಿಯ ಮಾರ್ಗಸೂಚಿ, ಒಂದೊಂದು ಬಗೆಯ ಪರೀಕ್ಷೆಗೂ ವೈದ್ಯರ ಕಲಿಕೆಯ ಭಾಗವಾಗಿ, ಪರಿಣತರು ಪರಿಶೀಲಿಸಿದ 25ರಿಂದ 50 ಸ್ಕ್ಯಾನ್‌ಗಳನ್ನು ಶಿಫಾರಸು ಮಾಡುತ್ತದೆ. ಈ ಪರಿಶೀಲನೆಯೇ ಮುಖ್ಯ. ತಪ್ಪನ್ನು ಯಾರೂ ತೋರಿಸದಿದ್ದರೆ ಅದೇ ತಪ್ಪು ರೂಢಿಯಾಗುತ್ತದೆ.

ಅಪಘಾತದಲ್ಲಿ ಹೊಟ್ಟೆಯೊಳಗೆ ರಕ್ತಸ್ರಾವ ಆಗಷ್ಟೇ ಶುರುವಾಗಿದ್ದರೆ ಮೊದಲ ಸ್ಕ್ಯಾನ್‌ನಲ್ಲಿ ಕಾಣದೇ ಹೋಗಬಹುದು. ಚೆನ್ನಾಗಿ ತರಬೇತಿ ಪಡೆದವರು ಅಲ್ಲಿಗೇ ಬಿಡುವುದಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ನೋಡುತ್ತಾರೆ, ಅನುಮಾನ ಉಳಿದರೆ ಸಿಟಿ ಸ್ಕ್ಯಾನ್‌ಗೆ ಕಳಿಸುತ್ತಾರೆ.