ಸ್ಪಷ್ಟನೆ: ಟ್ರೆಡ್‌ವೇರ್ ಸಂಖ್ಯೆ ಹಿಡಿತದ ಅಳತೆಯಲ್ಲ
‘ಟೈರಿನ ಮಗ್ಗುಲಲ್ಲಿರುವ ಟ್ರೆಡ್‌ವೇರ್ ಸಂಖ್ಯೆ ಕಡಿಮೆಯಿದ್ದಷ್ಟೂ ಹಿಡಿತ ಹೆಚ್ಚು, ಬಲಶಾಲಿ ಕಾರಿಗೆ 200ಕ್ಕಿಂತ ಕೆಳಗಿನದನ್ನೇ ಹಾಕಿಸಿ’ ಎಂಬ ಸಲಹೆ ಹರಿದಾಡುತ್ತಿದೆ. ಇದು ಅರೆಸತ್ಯ, ಮಳೆಯಲ್ಲಿ ಪ್ರಾಣಕ್ಕೇ ಸಂಚಕಾರ ತರಬಲ್ಲ ಅರೆಸತ್ಯ.

ಅಮೆರಿಕದ ನಿಯಮದಂತೆ ಅಚ್ಚಾಗುವ ಈ ಸಂಖ್ಯೆ ಹೇಳುವುದು ಸವೆತವನ್ನು; ಸಂಖ್ಯೆ ಕಡಿಮೆಯಿದ್ದಷ್ಟೂ ಟೈರು ಬೇಗ ಸವೆಯುತ್ತದೆ. ಟೆಕ್ಸಾಸ್‌ನ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, ಮಾದರಿ ಟೈರಿನೊಂದಿಗೆ ಹೋಲಿಸಿ, ತಯಾರಕರೇ ಅಂಕ ನಿಗದಿಪಡಿಸುತ್ತಾರೆ. ಹಾಗಾಗಿ ಒಂದು ಕಂಪನಿಯ 200 ಮತ್ತೊಂದರ 200ಕ್ಕೆ ಸಮವೆಂದು ನಂಬುವಂತಿಲ್ಲ. ಮೆದು ರಬ್ಬರ್ ಸಾಮಾನ್ಯವಾಗಿ ಬೇಗ ಸವೆಯುತ್ತದೆ, ಚೆನ್ನಾಗಿ ಹಿಡಿಯುತ್ತದೆ ಎಂಬುದು ನಿಜ. ಆದರೆ ಸಂಖ್ಯೆಯ ಪಕ್ಕದಲ್ಲಿರುವ ‘ಎಎ’, ‘ಎ’ ಎಂಬ ಟ್ರಾಕ್ಷನ್ (ಹಿಡಿತದ) ದರ್ಜೆಗಳೂ ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತವನ್ನಷ್ಟೇ ತಿಳಿಸುತ್ತವೆ, ತಿರುವಿನದನ್ನಲ್ಲ.

526 ಅಶ್ವಶಕ್ತಿಯ ಫೋರ್ಡ್ ಶೆಲ್ಬಿ ಜಿಟಿ350ಆರ್ ಕಾರ್ಖಾನೆಯಿಂದಲೇ 200ಕ್ಕಿಂತ ಕಡಿಮೆ ಸಂಖ್ಯೆಯ ಮಿಷೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಟೈರಿನೊಂದಿಗೆ ಬಂದಿತು. ಬೆಚ್ಚಗಿನ ಒಣ ರಸ್ತೆಯಲ್ಲಿ ಆ ಟೈರು ನಿಜಕ್ಕೂ ಅದ್ಭುತ. ಆದರೆ ಅದರ ಮೇಲ್ಮೈಯ ಗೀರುಗಳು ಆಳವಿಲ್ಲ; ನೀರು ನಿಂತಲ್ಲಿ ಟೈರು ತೇಲುತ್ತದೆ. ಉಷ್ಣಾಂಶ 7 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತವೇ ಕಳಚುತ್ತದೆ. ನಿತ್ಯ ಕಚೇರಿಗೆ ಓಡಿಸುವ ಕಾರಿಗೆ ಪೈಲಟ್ ಸ್ಪೋರ್ಟ್ 4 ಎಸ್‌ನಂತಹ ರಸ್ತೆ ಟೈರನ್ನೇ ನಾನು ಆರಿಸುತ್ತೇನೆ, ಅದರ ಸಂಖ್ಯೆ 300 ಆಗಿದ್ದರೂ.